ಹತ್ತಕ್ಕೆ ಹತ್ತು ಬಂದ ಸೂಪು

ಮೂವತ್ತಾರು ವರ್ಷಗಳ ಕಾಲ ಹಿಂದಿನ ಬೆಂಚಿನ ತುಂಟರನ್ನೇ ಹದಕ್ಕೆ ತಂದವನಿಗೆ ಮೂರು ಕ್ಯಾರೆಟ್ಟು ಹದಕ್ಕೆ ಬಾರವೇ? ನಿವೃತ್ತ ಮೇಷ್ಟರಾದ ನಾನು ಹೀಗೆಂದು ಘೋಷಿಸಿದ್ದು, ನನ್ನವಳು ಬಚ್ಚಲಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನ. ಘೋಷಿಸದೆ ವಿಧಿಯಿರಲಿಲ್ಲ. ಅವಳ ಅಕ್ಕ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು: ಭಾನುವಾರ ಊಟಕ್ಕೆ ಬರುತ್ತೇನೆ, ಮೇಷ್ಟರ ಅಡುಗೆ ಬಾಯಿಗಿಡುವಂತಿದ್ದರೆ ಸರಿ, ಇಲ್ಲವಾದರೆ ತಂಗಿ ಎರಡು ತಿಂಗಳು ನಮ್ಮ ಮನೆಯಲ್ಲಿರಲಿ. ಮದುವೆಯಾದಂದಿನಿಂದ ಎರಡು ದಿನವೂ ಅವಳನ್ನು ಬಿಟ್ಟಿದ್ದವನಲ್ಲ ನಾನು.

ನೋಟುಪುಸ್ತಕ ತೆರೆದು ಅವಳೆದುರು ಕುಳಿತೆ. ಉಪ್ಪು ಎಷ್ಟು ಗ್ರಾಂ ಎಂದೆ. ಬೇಕಾದಷ್ಟು ಎಂದಳು. ಎಷ್ಟು ನಿಮಿಷ ಬೇಯಬೇಕು? ಬೇಯುವವರೆಗೆ. ನಾನು ದಂಗಾದೆ. ಇಂಥ ಉತ್ತರ ಬರೆದವರಿಗೆಲ್ಲ ಸೊನ್ನೆ ಸುತ್ತಿದವನು ನಾನು!

"ಪುಸ್ತಕ ಮುಚ್ಚಿಡ್ರೀ. ಮನೇಲಿರೋ ತರಕಾರಿ ಹಾಕಿ ಸೂಪು ಮಾಡಿ. ಆಗಾಗ ರುಚಿ ನೋಡಿ, ಕಮ್ಮಿ ಅನ್ನಿಸಿದ್ದನ್ನ ಸೇರಿಸ್ತಾ ಹೋಗಿ. ಅಷ್ಟೇ ಅಡುಗೆ."

ಭಾನುವಾರ ಅವಳನ್ನು ಹಜಾರದಲ್ಲಿ ಕೂರಿಸಿ ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಆಲೂಗಡ್ಡೆ, ಕ್ಯಾರೆಟ್ಟು, ಬಟಾಣಿ, ಈರುಳ್ಳಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಕೂಡಿ ಬೆಂದವು. ಇನ್ನು ರುಚಿ. ಒಂದು ಚಮಚ ನೋಡಿ ತೀರ್ಮಾನಿಸುವುದು ನ್ಯಾಯವೇ? ಒಂದು ಉತ್ತರ ಓದಿ ಇಡೀ ಪತ್ರಿಕೆಗೆ ಅಂಕ ಕೊಡುವುದುಂಟೇ? ಪ್ರತಿ ತರಕಾರಿಯೂ ಬರುವಂತೆ ಒಂದು ಬಟ್ಟಲು ಬಡಿಸಿಕೊಂಡೆ. ಹತ್ತಕ್ಕೆ ಐದು. ಉಪ್ಪು ಸೇರಿಸಿದೆ, ಇನ್ನೊಂದು ಬಟ್ಟಲು, ಆರು. ನಿಂಬೆಹಣ್ಣು ಹಿಂಡಿದೆ, ಹುಳಿ ಮುಂದಾಯಿತು, ಮತ್ತೆ ಐದು. ಚಿಟಿಕೆ ಸಕ್ಕರೆಗೆ ಏಳು, ಮೆಣಸಿನಪುಡಿಗೆ ಎಂಟು. ಸಂಶಯ ಬಂದಾಗಲೆಲ್ಲ ಮರುಮೌಲ್ಯಮಾಪನ, ಅದಕ್ಕೂ ಒಂದು ಬಟ್ಟಲು. ಕೊನೆಗೆ ಕಣ್ಮುಚ್ಚಿ ಸವಿದೆ. ಹತ್ತಕ್ಕೆ ಹತ್ತು! ನನ್ನ ಸೇವಾವಧಿಯಲ್ಲಿ ಯಾರಿಗೂ ಕೊಡದ ಅಂಕ!

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಬಡಿಸಲೆಂದು ಸೌಟು ಇಳಿಸಿದೆ. ಠಣ್ ಎಂದಿತು. ಬಗ್ಗಿ ನೋಡಿದೆ. ಪಾತ್ರೆಯ ತಳ ಫಳಫಳ ಹೊಳೆಯುತ್ತಿತ್ತು. ಅಂಚಿನಲ್ಲೊಂದು ಬಟಾಣಿ ನನ್ನನ್ನೇ ದಿಟ್ಟಿಸುತ್ತಿತ್ತು. ನನ್ನ ಹೊಟ್ಟೆ ಮಾತ್ರ ಬೆಚ್ಚಗೆ ನಗಾರಿಯಂತೆ ಬಿಗಿದಿತ್ತು.

ಅಕ್ಕ ಒಳಬಂದು ಇಣುಕಿದರು. "ಏನ್ ಮೇಷ್ಟ್ರೇ, ಆಗ್ಲೇ ಪಾತ್ರೆ ತೊಳೆದಿಟ್ಟಿದ್ದೀರಾ?"

ನಡೆದದ್ದನ್ನು ತೊದಲುತ್ತ ಒಪ್ಪಿಕೊಂಡೆ. ಅಕ್ಕ ತಂಗಿಯ ಬಟ್ಟೆಯ ಪೆಟ್ಟಿಗೆ ಎಲ್ಲಿದೆಯೆಂದು ಕೇಳಿಯೇಬಿಟ್ಟರು. ನನ್ನವಳು ಹಜಾರದಿಂದ ಎದ್ದು ಬಂದಳು. ಎಡಗೈಯಿಂದ ತಳ ಕೆರೆದು, ಆ ಬಟಾಣಿಯನ್ನೂ ಸೇರಿಸಿ, ಅರ್ಧ ಚಮಚ ಬಾಯಿಗಿಟ್ಟಳು.

"ಅಕ್ಕಾ, ಚೆನ್ನಾಗೇ ಮಾಡಿದ್ದಾರೆ. ನಾನೆಲ್ಲಿಗೂ ಬರಲ್ಲ. ಆದ್ರೆ ರೀ, ಇನ್ಮೇಲೆ ರುಚಿ ನೋಡೋದು ನಾನು."

ಅಕ್ಕ ಬರೀ ಬ್ರೆಡ್ಡು ತಿಂದು ಹೊರಟರು.

ಈಗ ದಿನವೂ ನಾನು ಸೌಟು ಹಿಡಿದು, ಕೈಕಟ್ಟಿ ನಿಲ್ಲುವ ಹುಡುಗನಂತೆ ಅವಳ ಮುಖ ನೋಡುತ್ತ ನಿಲ್ಲುತ್ತೇನೆ. ನಿನ್ನೆ ಹತ್ತಕ್ಕೆ ನಾಲ್ಕು ಬಂತು. ಅದರಲ್ಲೂ ಎರಡು ಅಂಕ, ಪಾತ್ರೆ ತೊಳೆದದ್ದಕ್ಕೆ.