ಅಮೆರಿಕದ ಮತಕ್ಕೆ ಕನ್ನಡದ ಸಾಕ್ಷಿ

ಸ್ವಂತ ಚಿಂತೆಗಳು ಸಾಲದೆ ಬಂದಾಗ ಪಕ್ಕದ ಮನೆಯಿಂದ ಕಡ ತಂದು ಚಿಂತಿಸುವವರ ಪೈಕಿ ನಾನು. ಕೊರೊನಾದ ಮೊದಲ ವರ್ಷ ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ಫ್ಲ್ಯಾಟಿನಲ್ಲಿ ಕೂತು, ಕೆಮ್ಮು ಬಂದರೆ ಕೊರೊನಾ, ಬರದಿದ್ದರೆ ಲಕ್ಷಣವಿಲ್ಲದ ಕೊರೊನಾ ಎಂದು ಒದ್ದಾಡಿ ಮುಗಿಸುವಷ್ಟರಲ್ಲಿ ಅಮೆರಿಕದ ಚುನಾವಣೆ ಬಂತು. ನನಗೆ ಅಲ್ಲಿ ಮತವಿಲ್ಲ. ಡಚ್ಚರ ಸಂಸತ್ತಿಗೂ ಮತ ಹಾಕುವಂತಿಲ್ಲ. ಬೆಂಗಳೂರಿನಲ್ಲಿ ಹಾಕಬೇಕೆಂದರೆ ವಿಮಾನ ಹತ್ತಬೇಕು. ಹೀಗೆ ಯಾವ ದಿಕ್ಕಿನಲ್ಲೂ ಪ್ರಯೋಜನವಿಲ್ಲದ ಮನುಷ್ಯನಿಗೆ ಪ್ರಜಾಪ್ರಭುತ್ವದ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಚಿಂತಿಸಲು ಪುರಸೊತ್ತಿರುತ್ತದೆ.

ಅಮೆರಿಕದಲ್ಲಿ ದೇಶಕ್ಕೆಲ್ಲ ಹೆಚ್ಚು ಮತ ಪಡೆದವನು ಸೋಲಲೂಬಹುದು ಎಂಬುದನ್ನು ವಾರವಿಡೀ ಓದಿ ಅರ್ಥ ಮಾಡಿಕೊಂಡು, ಹೆಂಡತಿ ಸುಮತಿಗೆ ವಿವರಿಸಲು ಹೊರಟೆ. ರಾಜ್ಯಕ್ಕಿಷ್ಟು ಪ್ರತಿನಿಧಿಗಳು, ಹೆಚ್ಚಿನ ರಾಜ್ಯಗಳಲ್ಲಿ ಗೆದ್ದವನಿಗೇ ಅಷ್ಟೂ ಎನ್ನುವಷ್ಟರಲ್ಲಿ ಅವಳು, "ಕ್ರಿಕೆಟ್ ಸರಣಿ ಥರ ಅನ್ನಿ. ಒಂದು ಮ್ಯಾಚಲ್ಲಿ ಸಿಕ್ಕಾಪಟ್ಟೆ ಹೊಡೆದು, ಇನ್ನೆರಡರಲ್ಲಿ ಒಂದೊಂದು ರನ್ನಿಗೆ ಸೋತರೆ ರನ್ನು ನಮ್ಮದು, ಕಪ್ಪು ಅವರದು. ಅಷ್ಟೇ ತಾನೇ?" ಎಂದು ಹುಳಿಗೆ ಒಗ್ಗರಣೆ ಹಾಕುತ್ತಲೇ ಮುಗಿಸಿಬಿಟ್ಟಳು. ನನ್ನ ಜ್ಞಾನಕ್ಕೆ ಬೇರೆ ಗಿರಾಕಿ ಹುಡುಕಬೇಕಾಯಿತು.

ಸಿಕ್ಕವರು ಪಕ್ಕದ ಮನೆಯ ಲಿಂಡಾ. ಅರವತ್ತು ದಾಟಿದ ಅಮೆರಿಕದ ಹೆಂಗಸು; ಡಚ್ಚನನ್ನು ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ನಮ್ಮ ಮಹಡಿಯ ವರಾಂಡದಲ್ಲಿ ಒಂದೂವರೆ ಮೀಟರ್ ಅಂತರ ಬಿಟ್ಟು ಕುರ್ಚಿ ಹಾಕಿಕೊಂಡು ಮಾತಾಡುತ್ತಿದ್ದೆವು. ಅಮೆರಿಕದವರಿಗೇ ಅಮೆರಿಕದ ಚುನಾವಣೆಯನ್ನು ವಿವರಿಸುವ ಧೈರ್ಯ ಮಾಡಿದ ಮೇಲೆ, "ಹೋಗಲಿ, ನೀವು ವೋಟು ಹಾಕ್ತೀರಾ?" ಎಂದು ಕೇಳಿದೆ.

"ಇಲ್ಲಿಗೆ ಬಂದ ಮೇಲೆ ಒಂದು ಸಲವೂ ಇಲ್ಲ," ಎಂದರು. "ಅಲ್ಲಿದ್ದಾಗಲೂ ಅಷ್ಟಕ್ಕಷ್ಟೇ. ಹೆಸರು ನಾವೇ ಹೋಗಿ ನೋಂದಾಯಿಸಬೇಕು. ಮತದಾನ ಮಂಗಳವಾರ, ಕಚೇರಿಗೆ ರಜೆ ಇಲ್ಲ. ಕೆಲಸ ಮುಗಿಸಿ ಹೋದರೆ ಕ್ಯೂ ಬೀದಿ ಕೊನೆವರೆಗೆ. ಅಷ್ಟೆಲ್ಲ ಮಾಡಿದರೂ ನಮ್ಮ ರಾಜ್ಯದಲ್ಲಿ ಯಾರು ಗೆಲ್ತಾರೆ ಅಂತ ಆಗ ನಮ್ಮ ನಾಯಿಗೂ ಗೊತ್ತಿತ್ತು."

ಈಗ ಆ ರಾಜ್ಯದಲ್ಲೂ ಭಾರೀ ಪೈಪೋಟಿ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವರ ತಂಗಿ ಫೋನಿನಲ್ಲಿ ರೇಗಿದ್ದಳಂತೆ: "ಅಲ್ಲಿ ಕೂತು ನಮಗೋಸ್ಕರ ಅತ್ತಿದ್ದು ಸಾಕು. ವೋಟಾದರೂ ಹಾಕು!" ಲಿಂಡಾ ಅಂಚೆ ಮತಪತ್ರ ತರಿಸಿಯೇಬಿಟ್ಟರು. ಅಮೆರಿಕದಲ್ಲಿ ಕೊನೆಯದಾಗಿ ಇದ್ದ ಮನೆಯ ವಿಳಾಸವೇ ಮತಕ್ಕೆ ಆಧಾರ. ಆ ಮನೆ ಕೆಡವಿ ಕಾರು ತೊಳೆಯುವ ಅಂಗಡಿ ಎದ್ದಿದೆ. ಲಿಂಡಾರ ಮತ ಮಾತ್ರ ಇನ್ನೂ ಅಲ್ಲೇ ವಾಸವಾಗಿತ್ತು. ಆದರೆ ಅವರ ರಾಜ್ಯದ ನಿಯಮದಂತೆ ಲಕೋಟೆಯ ಮೇಲೆ ಸಾಕ್ಷಿಯ ಸಹಿ ಬೇಕು, ವಿದೇಶದಲ್ಲಿರುವವರಿಗೆ ಸಾಕ್ಷಿ ಯಾವ ದೇಶದವನಾದರೂ ಆಗಬಹುದು. ನನ್ನನ್ನು ಕರೆದರು.

ಮಾಸ್ಕ್ ಹಾಕಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೋದೆ. ಅವರು ಮತ ಗುರುತು ಮಾಡುವುದನ್ನು ನೋಡಬೇಕು, ಯಾರಿಗೆ ಎಂದು ನೋಡಬಾರದು. ಮದುವೆ ಮನೆಯಲ್ಲಿ ಪಕ್ಕದವರ ಎಲೆಗೆ ಏನು ಬಡಿಸಿದರೆಂದು ನೋಡದೆ ಇರುವಷ್ಟೇ ಕಷ್ಟದ ಕೆಲಸ. ಲಕೋಟೆ ಅಂಟಿಸಿದರು, ಪೆನ್ನು ಕೊಟ್ಟರು, ನಾನು ಗಂಭೀರವಾಗಿ ಸಹಿ ಹಾಕಿದೆ. ಅದೇ ದಿನ ಅಂಚೆಗೂ ಬಿತ್ತು.

ಮನೆಗೆ ಬಂದು ಕೈ ತೊಳೆಯುವಾಗ ಹೊಳೆಯಿತು. ನನ್ನ ಸಹಿ ಕನ್ನಡದಲ್ಲಿದೆ! ಕಾಲೇಜಿನಲ್ಲಿ ಭಾಷಾಭಿಮಾನ ಉಕ್ಕಿ ಶುರುಮಾಡಿದ್ದು, ಪಾಸ್‌ಪೋರ್ಟಿನವರೆಗೂ ಅದೇ ನಡೆದಿದೆ. ಈಗ ಅಮೆರಿಕದ ಗುಮಾಸ್ತರೊಬ್ಬರು ನನ್ನ ಸುರುಳಿಗಳನ್ನು ನೋಡಿ, ಪೆನ್ನು ಬರೆಯುತ್ತದೋ ಇಲ್ಲವೋ ಎಂದು ಯಾರೋ ಗೀಚಿ ನೋಡಿದ್ದಾರೆ ಎಂದುಕೊಂಡರೆ? ಇಷ್ಟು ವರ್ಷದ ಮೇಲೆ ಹಾಕಿದ ಮತ ನನ್ನ ಅಭಿಮಾನದಿಂದ ಕಸದ ಬುಟ್ಟಿಗೆ ಹೋದರೆ?

"ಅಪ್ಪಾ, ರಿಲ್ಯಾಕ್ಸ್. ನೋಬಡಿ ಕೇರ್ಸ್," ಎಂದಳು ಮಗಳು.

"ಅದೇ ನನ್ನ ಭಯ ಕಣೇ," ಎಂದೆ.

ಲಿಂಡಾರಿಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು. "ತಂಗಿಗೆ ಹಾಕಿದೆ ಅಂತ ಹೇಳಿಬಿಟ್ಟಿದ್ದೀನಲ್ಲ," ಎಂದಷ್ಟೇ ಅಂದು ಒಳಗೆ ಹೋದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅಂದಿನಿಂದ ನಾನು ಪ್ರಾಯಶ್ಚಿತ್ತವೆಂಬಂತೆ ಇಂಗ್ಲಿಷ್ ಸಹಿ ಅಭ್ಯಾಸ ಮಾಡತೊಡಗಿದೆ. ಮೀಟಿಂಗುಗಳ ನಡುವೆ ಹಾಳೆಗಟ್ಟಲೆ ಬರೆದೆ. ಸುಮತಿ ಒಂದನ್ನೆತ್ತಿ ನೋಡಿ, "ರೀ, ಇದು ಡಾಕ್ಟರ ಚೀಟಿ ಥರ ಇದೆ. ಹಳೇದೇ ಚೆನ್ನಾಗಿತ್ತು," ಎಂದಳು. ನಾನು ಕೇಳಲಿಲ್ಲ. ಎಲ್ಲ ಕಾಗದಪತ್ರಗಳಿಗೂ ಹೊಸ ಸಹಿ ಶುರುವಾಯಿತು.

ಮತ ಎಣಿಕೆ ಇನ್ನೂ ಎಳೆದಾಡುತ್ತಿರುವಾಗ ಒಂದು ಬೆಳಿಗ್ಗೆ ಲಿಂಡಾ ಬಾಗಿಲು ಬಡಿದರು. ಅಂತರ ಗಿಂತರ ಎಲ್ಲ ಮರೆತು ಫೋನನ್ನು ನನ್ನ ಮೂಗಿಗೇ ಹಿಡಿದರು. ಅವರ ಊರಿನ ಚುನಾವಣಾ ಕಚೇರಿಯ ಉತ್ತರ: ಮತಪತ್ರ ಸ್ವೀಕೃತವಾಗಿದೆ, ಸಾಕ್ಷಿಯ ಸಹಿ ಯಾವ ಲಿಪಿಯಲ್ಲಿದ್ದರೂ ಸರಿ, ನೋಡಲು ಬಹಳ ಸುಂದರವಾಗಿದೆ. ಲಿಂಡಾ ಅಲ್ಲೇ ನಿಂತು ತಂಗಿಗೆ ಫೋನು ಹಚ್ಚಿದರು. ಅಲ್ಲಿ ಆಗ ಯಾವ ಹೊತ್ತು ಎಂದು ಯೋಚಿಸಲೂ ಇಲ್ಲ. ಅಕ್ಕತಂಗಿಯರು ಅತ್ತರು. ನಾನೂ ಸ್ವಲ್ಪ ಅತ್ತೆ, ಶೀತ ಎಂದು ಹೇಳಿಕೊಂಡೆ, ಕೂಡಲೇ ಎಲ್ಲರೂ ದೂರ ಸರಿದರು.

ಆ ಖುಷಿ ವಾರ ಬಾಳಲಿಲ್ಲ. ಜಯನಗರದ ನಮ್ಮ ಬ್ಯಾಂಕಿನಿಂದ ಫೋನು ಬಂತು. "ಸರ್, ನೀವು ಕಳಿಸಿದ ಅರ್ಜಿ ಬಂದಿದೆ. ಸಹಿ ಮ್ಯಾಚ್ ಆಗ್ತಿಲ್ಲ. ಕನ್ನಡದಲ್ಲಿ ಯಾಕೆ ಹಾಕಿಲ್ಲ ಸರ್?"