ಕಿವಿ ಕೊಯ್ದ ಗಾಡಿ

ಬಾಲಪ್ಪನ ಮಗನಾಗಿ ಹುಟ್ಟುವ ಬದಲು ಬಾಲಪ್ಪನ ಟಗರಾಗಿ ಹುಟ್ಟಿದ್ದರೆ ಸ್ವಲ್ಪ ಮರ್ಯಾದೆಯಾದರೂ ಸಿಗುತ್ತಿತ್ತು ಎಂಬುದು ನಿಂಗರಾಜನ ಇಪ್ಪತ್ತೊಂದು ವರ್ಷದ ಬಾಳಿನ ಸಾರ. ಟಗರು ಕೆಮ್ಮಿದರೆ ಬಾಲಪ್ಪ ದನದ ಡಾಕ್ಟರರ ಬಾಗಿಲಿಗೆ ಓಡುತ್ತಾನೆ. ಮಗ ಕೆಮ್ಮಿದರೆ ಹತ್ತಿರ ಕರೆದು, ಬೀಡಿ ವಾಸನೆ ಇದೆಯೇ ಎಂದು ಬಾಯಿ ಮೂಸುತ್ತಾನೆ. ಇಂಥ ಮನೆಯಲ್ಲಿ ಹುಡುಗನೊಬ್ಬ ಮೋಟಾರ್ ಸೈಕಲ್ಲಿನ ಮಾತೆತ್ತಬೇಕಾದರೆ ಎಂಟೆದೆ ಬೇಕು. ನಿಂಗರಾಜನಿಗೆ ಇದ್ದದ್ದು ಒಂದೇ, ಅದೂ ದಡದಡ ಬಡಿದುಕೊಳ್ಳುತ್ತಿತ್ತು.

ಗಾಡಿ ಶೋಕಿಗಲ್ಲ. (ಸ್ವಲ್ಪ ಶೋಕಿಗೂ ಹೌದು. ಓದುಗರ ಹತ್ತಿರ ಮುಚ್ಚಿಡುವುದೇನಿದೆ?) ಸೈದಾಪುರದ ಈಚೆಗಿರುವ ಅವನ ಊರಿಂದ ಕಡೇಚೂರಿನ ಕಾರ್ಖಾನೆಗೆ ಒಂಬತ್ತು ಕಿಲೋಮೀಟರ್. ಬೆಳಗಿನ ಪಾಳಿ ಆರಕ್ಕೆ ಶುರು. ಮೊದಲ ಬಸ್ಸು ಐದೂವರೆಗೆ ಎಂದು ಬೋರ್ಡಿನ ಮೇಲೆ ಬರೆದಿದೆ, ಆದರೆ ಆ ಬೋರ್ಡನ್ನು ಬಸ್ಸು ಇನ್ನೂ ಓದಿದಂತಿಲ್ಲ. ಆರು ತಿಂಗಳ ತರಬೇತಿಯಲ್ಲಿ ಐದು ತಿಂಗಳು ಹೇಗೋ ದಾಟಿದ್ದ. ಆರನೆಯ ತಿಂಗಳಲ್ಲಿ ಎರಡು ಲೇಟ್ ಬಿದ್ದವು. ಸೂಪರ್‌ವೈಸರ್ ಹಣಮೇಶ ಕರೆದು ಹೇಳಿದ:

"ಇನ್ನೊಂದ್ ಲೇಟ್ ಬಿತ್ತಂದ್ರ ಪರ್ಮನೆಂಟ್ ಲಿಸ್ಟಿನಾಗ ನಿನ್ನ ಹೆಸರ ಇರಂಗಿಲ್ಲ ನೋಡು. ಮತ್ತ ಮೊದಲಿಂದ ಆರು ತಿಂಗಳು ತರಬೇತಿ."

ಆ ಮಾತೂ ಅದರ ಬೆನ್ನಿಗೇ ಗಾಡಿಯ ಮಾತೂ ಮನೆಗೆ ಮುಟ್ಟಿದ ಮೇಲೆ ಬಾಲಪ್ಪ ಒಂದು ವಾರ ಟಗರುಗಳ ಜೊತೆಗೇ ಮಲಗಿದ. ಎಂಟನೆಯ ದಿನ ಐದು ಟಗರುಗಳನ್ನು ಸಂತೆಗೆ ಹೊಡೆದುಕೊಂಡು ಹೋಗಿ, ಬರಿಯ ರೊಕ್ಕ ಹಿಡಿದು ಬಂದು, ಕಣ್ಣೊರೆಸಿಕೊಂಡ. (ಐದೂ ಟಗರುಗಳ ಹೆಸರು ಹಿಡಿದು ಅತ್ತ.) ಟಗರು ಮಾರಿದವನು ಯಾರೋ ಗಾಡಿ ಆರಿಸುವವನೂ ಅವನೇ ಎಂಬುದು ಹಟ್ಟಿಯ ನ್ಯಾಯ. ನಿಂಗರಾಜನ ಎದೆ ಆಗಲೇ ಅರ್ಧ ಕುಸಿಯಿತು.

ಯಾದಗಿರಿಯ ಶೋರೂಮಿಗೆ ಇಡೀ ಸಂಸಾರ ದಂಡೆತ್ತಿ ಹೋಯಿತು. ಅಪ್ಪ ಬಾಲಪ್ಪ ಹೆಗಲ ಮೇಲೆ ಕಂಬಳಿ ಹೊದ್ದು, ಅವ್ವ ರೇಣಮ್ಮ ರೊಟ್ಟಿಗಂಟು ಹಿಡಿದು, ತಂಗಿ ಪವಿತ್ರಾ ಫೋಟೋ ತೆಗೆಯಲು ಮೊಬೈಲು ಹಿಡಿದು. ನಿಂಗರಾಜ ಮಾತ್ರ ಏನನ್ನೂ ಹಿಡಿದಿರಲಿಲ್ಲ. ಅವನ ಕಣ್ಣು ಮಾತ್ರ ಒಂದು ಕೆಂಪು ಗಾಡಿಯನ್ನು ಹಿಡಿದಿತ್ತು. ಮುಂದೆ ಬಗ್ಗಿ, ಹಿಂದಿನ ಸೀಟು ಆಕಾಶಕ್ಕೆ ಏರಿಸಿಕೊಂಡು ನಿಂತ ಗಾಡಿ.

ಬಾಲಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಸೀಟಿನ ಮೇಲೆ ಅಂಗೈ ಇಟ್ಟು, ಟಗರಿನ ಬೆನ್ನು ನೋಡುವಂತೆ ಒತ್ತಿದ. ಕೂತು, ಟೈರಿನ ಸಂದಿಗೆ ಬೆರಳು ಹಾಕಿದ.

"ಕಾಕಾ, ಏನ್ ನೋಡಾಕತ್ತೀರಿ?" ಶೋರೂಮಿನ ಶಿವಾನಿ ಕೇಳಿದಳು. ಗಾಡಿ ತೋರಿಸುವವಳೂ ಅವಳೇ, ಇನ್ಶೂರೆನ್ಸ್ ಬರೆಯುವವಳೂ ಅವಳೇ.

"ಹಲ್ಲು ನೋಡಾಕತ್ತೀನವ್ವ. ಹಲ್ಲು ಛಲೋ ಅದಾವು. ಆದ್ರ ಸೊಂಟ ಸುದ್ದ ಇಲ್ಲ. ಹಿಂದ ಎತ್ತರ, ಮುಂದ ತಗ್ಗು. ಇಂಥಾ ಮಾಲು ದೂರ ನಡಿಯಂಗಿಲ್ಲ."

"ಯಪ್ಪಾ, ಇದು ಕುರಿ ಅಲ್ಲ," ಎಂದ ನಿಂಗರಾಜ.

"ಅದಕ್ಕ ಹೇಳಾಕತ್ತೀನಿ. ಕುರಿ ಆಗಿದ್ರ ಬಿದ್ದಾಗ ಕೊಯ್ಕೊಂಡರ ತಿನ್ನಬಹುದಿತ್ತು."

ರೇಣಮ್ಮನದು ಬೇರೆಯೇ ಪರೀಕ್ಷೆ. ಅವಳು ಒಂದೊಂದು ಗಾಡಿಯ ಮೇಲೂ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತು, ಮಡಿಲಲ್ಲಿ ರೊಟ್ಟಿಗಂಟು ಇಟ್ಟುಕೊಂಡು, ಗಂಟು ಜಾರುತ್ತದೆಯೋ ಇಲ್ಲವೋ ನೋಡಿದಳು. ಕೆಂಪು ಗಾಡಿಯ ಮೇಲಿಂದ ಗಂಟಷ್ಟೇ ಅಲ್ಲ, ಅವಳೂ ಜಾರಿದಳು. ಅಲ್ಲಿಗೆ ಕೆಂಪು ಗಾಡಿಯ ಕಥೆ ಮುಗಿಯಿತು. ಕಡೆಗೆ ಗೆದ್ದದ್ದು ಒಂದು ಕಪ್ಪು ಗಾಡಿ. ನೂರು ಸಿಸಿ, ನೆಟ್ಟಗಿನ ಬೆನ್ನು, ಸೀರೆ ಸಿಗದಂತೆ ಜಾಳಿಗೆ, ಹಿಂದೆ ಮೇವಿನ ಹೊರೆ ಕಟ್ಟಲು ಕ್ಯಾರಿಯರ್. ಊರ ಶಾಲೆಯಿಂದ ನಿವೃತ್ತರಾದ ಮಾಸ್ತರರ ಹತ್ತಿರ ಇಂಥದ್ದೇ ಒಂದಿತ್ತು. ನಿಂಗರಾಜ ಕೆಂಪು ಗಾಡಿಯ ಕಡೆ ಕೊನೆಯ ಸಲ ನೋಡಿದ. ಹೋಗಲಿ, ಹೇಗಿದ್ದರೂ ಆರಕ್ಕೆ ಮುಟ್ಟಿಸುತ್ತದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ನಿಜವಾದ ಯುದ್ಧ ನಡೆದದ್ದು ಇನ್ಶೂರೆನ್ಸಿನ ಟೇಬಲ್ಲಿನ ಮುಂದೆ.

"ಎರಡು ನಮೂನಿ ಅದ ಕಾಕಾ," ಎಂದಳು ಶಿವಾನಿ. "ಒಂದು, ಇವರು ಯಾರಿಗರ ಗುದ್ದಿದ್ರ ಅವರಿಗೆ ರೊಕ್ಕ. ಇನ್ನೊಂದು ಫುಲ್. ನಿಮ್ಮ ಗಾಡಿಗೆ ಏನರ ಆದ್ರೂ ರೊಕ್ಕ."

"ಮಂದಿಗ್ಯಾಕ ರೊಕ್ಕ? ಫುಲ್ ಮಾಡವ್ವ."

"ಮಾಲಕರಿಗೆ ಅಪಘಾತದ ವಿಮಾನೂ ಅದ. ನಿಂಗರಾಜ ಅವರಿಗೆ ಏನರ ಹೆಚ್ಚುಕಮ್ಮಿ ಆದ್ರ ರೊಕ್ಕ ಯಾರಿಗೆ ಕೊಡಬೇಕು? ಒಂದು ಹೆಸರು ಹೇಳ್ರಿ."

ರೇಣಮ್ಮನ ಕೈಯಿಂದ ರೊಟ್ಟಿಗಂಟು ಕೆಳಗೆ ಬಿತ್ತು.

"ಏನಂದಿ? ಗಾಡಿ ಇನ್ನಾ ಬಾಗಲಾ ದಾಟಿಲ್ಲ, ನನ್ನ ಮಗನ ತಿಥಿ ಬರಿತೀಯೇನವ್ವ? ಮಗನ ಸಾವಿನ ರೊಕ್ಕ ನಾ ಮುಟ್ಟಂಗಿಲ್ಲ!"

"ನನ್ನ ಹೆಸರೂ ಬ್ಯಾಡ," ಬಾಲಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ನಂದು ಬರ್ಕೋರಿ ಅಕ್ಕಾ," ಎಂದು ಪವಿತ್ರಾ ಮುಂದೆ ಬಂದವಳು ಅವ್ವನಿಂದ ಬೆನ್ನಿಗೊಂದು ಗುದ್ದು ತಿಂದಳು. ಆದರೂ ಅವಳ ಹೆಸರೇ ಉಳಿಯಿತು. ತನ್ನ ಸಾವಿನ ಬಗ್ಗೆ ತನ್ನ ಕಣ್ಣೆದುರೇ ಇಷ್ಟು ಚರ್ಚೆ ನಡೆದದ್ದನ್ನು ನಿಂಗರಾಜ ಫಾರ್ಮಿನ ಮೇಲೆ ಸಹಿ ಹಾಕುತ್ತಲೇ ಕೇಳಿದ.

ಬಾಲಪ್ಪನಿಗೆ ಒಂದೇ ಸಂಶಯ ಉಳಿದಿತ್ತು. ಇನ್ಶೂರೆನ್ಸಿನ ವಿಷಯದಲ್ಲಿ ಅವನು ಸುಮ್ಮನೆ ತಲೆಯಾಡಿಸುವ ಆಸಾಮಿಯಲ್ಲ. ಕುರಿಗಳಿಗೆ ಮಾಡಿಸಿ ಪಳಗಿದವನು.

"ಹೋದ ವರ್ಷ ಸಿಡ್ಲು ಬಡದು ಮೂರು ಕುರಿ ಸತ್ವು ತಂಗಿ. ಕಿವಿಗಿ ಸರಕಾರದ ನಂಬರ್ ಬಿಲ್ಲಿ ಹೊಡದಿದ್ರು. ಎರಡರ ಕಿವಿ ಕೊಯ್ದು ಬಿಲ್ಲಿ ಸಮೇತ ಸಾಹೇಬರ ಟೇಬಲ್ ಮ್ಯಾಲ ಇಟ್ಟೆ, ರೊಕ್ಕ ಬಂತು. ಮೂರನೇದರ ಕಿವಿ ನಾಯಿ ಒಯ್ತು. ಒಂದು ಪೈಸಾ ಬರಲಿಲ್ಲ. ಈ ಗಾಡಿಗಿ ಬಿಲ್ಲಿ ಯಾವದು?"

ಶಿವಾನಿಗೆ ಊಟದ ಹೊತ್ತು ಮೀರಿತ್ತು. ಕಂಪ್ಯೂಟರಿನಿಂದ ತಲೆಯೆತ್ತದೆ ಅಂದಳು: "ನಂಬರ್ರೇ ಗುರುತು ಕಾಕಾ. ನಂಬರ್ ಇಲ್ಲಂದ್ರ ಕ್ಲೇಮ್ ಇಲ್ಲ."

ಗಾಡಿ ಕೈಗೆ ಬಂದ ದಿನ ಮುಂದೊಂದು ಹಿಂದೊಂದು ನಂಬರ್ ಪ್ಲೇಟನ್ನು ಬಿಚ್ಚಲಾಗದಂತೆ ಮೊಳೆ ಒತ್ತಿ ಕೂರಿಸಿದ್ದರು. ಬಾಲಪ್ಪ ಅದನ್ನು ಮುಟ್ಟಿ ನೋಡಿ, "ಹಾ, ಕಿವಿಗಿ ಹೊಡದಂಗೇ ಹೊಡದಾರ," ಎಂದು ಮೊದಲ ಬಾರಿಗೆ ನಕ್ಕ. ಅಪ್ಪ ನಕ್ಕನಲ್ಲ ಎಂದು ನಿಂಗರಾಜನೂ ನಕ್ಕ. ಅವನ ಬುದ್ಧಿಗಿಷ್ಟು ಬೆಂಕಿ ಹಾಕಲಿ.

ಮುಂದಿನ ಒಂಬತ್ತು ದಿನ ಸ್ವರ್ಗ. ಐದೂಮುಕ್ಕಾಲಿಗೆ ಕಾರ್ಖಾನೆಯ ಗೇಟಿನಲ್ಲಿ ನಿಂಗರಾಜ ಹಾಜರ್. ಹಣಮೇಶನೇ ಒಮ್ಮೆ ಗಡಿಯಾರ ಕೆಟ್ಟಿದೆಯೇನೋ ಎಂದು ಅಲುಗಾಡಿಸಿ ನೋಡಿದ. ಮಾಸ್ತರರ ಗಾಡಿ ಎಂದು ಹೀಗಳೆದಿದ್ದ ಹುಡುಗ ದಿನಾ ಸಂಜೆ ಅದರ ಟ್ಯಾಂಕಿಗೆ ಕೊಬ್ಬರಿಎಣ್ಣೆ ಹಚ್ಚಿ, ಮುಖ ಕಾಣುವ ತನಕ ತಿಕ್ಕುತ್ತಿದ್ದ.

ಆ ಮುಖವೇ ಮುಳುವಾಯಿತು. ಹತ್ತನೆಯ ದಿನ ಗುರುವಾರ, ಅವನ ವಾರದ ರಜೆ. ಗಾಡಿಯನ್ನು ಕುರಿದೊಡ್ಡಿಯ ಪಕ್ಕ ನಿಲ್ಲಿಸಿ, ಪೆಟ್ರೋಲು ಉಳಿಸಲು ಬಸ್ಸಿನಲ್ಲೇ ಕ್ಷೌರಕ್ಕೆಂದು ಸೈದಾಪುರಕ್ಕೆ ಹೋದ. ಹಟ್ಟಿಯಲ್ಲಿ ಉಳಿದಿದ್ದ ಒಂದೇ ಒಂದು ಹಿರಿಯ ಟಗರು ಕರಿಯ, ಹಾದುಹೋಗುವಾಗ ಟ್ಯಾಂಕಿನಲ್ಲಿ ಇನ್ನೊಂದು ಟಗರನ್ನು ಕಂಡಿತು. ಹತ್ತು ಹೆಜ್ಜೆ ಹಿಂದೆ ಸರಿಯಿತು. ಮುಂದಿನದನ್ನು ಹಟ್ಟಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಂಗರಾಜ ಹೊಸ ಕ್ಷೌರದಲ್ಲಿ ಮನೆ ಹತ್ತಿರ ಬಂದಾಗ ಬೇವಿನ ಗಿಡದ ಕೆಳಗೆ ನಾಲ್ಕು ಹೆಂಗಸರು ಕೂತಿದ್ದರು. ನಡುವೆ ಕಂಬಳಿ ಹೊದಿಸಿ ಏನೋ ಮಲಗಿಸಿದ್ದರು. ರೇಣಮ್ಮ ಸೆರಗಿನಿಂದ ಮೂಗೊರೆಸುತ್ತಿದ್ದಳು. "ಯಪ್ಪಾ!" ಎಂದು ಚೀರಿ ಓಡಿ ಹೋಗಿ ಕಂಬಳಿ ಎತ್ತಿದ.

ಕೆಳಗೆ ಗಾಡಿ. ಹೆಡ್‌ಲೈಟು ಒಡೆದಿತ್ತು, ಟ್ಯಾಂಕಿನಲ್ಲಿ ಗುಂಡಿ ಬಿದ್ದಿತ್ತು. ಎತ್ತಿ ನಿಲ್ಲಿಸಿ ಕಿಕ್ ಹೊಡೆದರೆ ಚಾಲೂ ಆಯಿತು. ಜೀವ ಇದೆ! ಆದರೆ ಮುಂದೆ ನೋಡಿದರೆ ನಂಬರ್ ಇಲ್ಲ, ಹಿಂದೆ ನೋಡಿದರೂ ಇಲ್ಲ. ಮೊಳೆ ಇದ್ದ ಕಡೆ ಉಳಿಯ ಏಟುಗಳು.

"ಅಪ್ಪ ಎಲ್ಲಿ?"

"ಎರಡೂ ಕಿವಿ ಕೊಯ್ಕೊಂಡು ಯಾದಗಿರಿಗಿ ಹೋಗ್ಯಾನ," ಎಂದಳು ಅವ್ವ. "ನಾಯಿ ಒಯ್ಯೂದರಾಗ ಮುಟ್ಟಸ್ತೀನಿ ಅಂತ ಹನ್ನೊಂದರ ಬಸ್ಸಿಗಿ ಓಡಿದ."

ಅಷ್ಟರಲ್ಲಿ ಫೋನು ಬಂತು. ಶಿವಾನಿ.

"ನಿಮ್ಮ ಅಪ್ಪಾರು ಬಂದಾರ. ನನ್ನ ಟೇಬಲ್ ಮ್ಯಾಲ ಎರಡು ನಂಬರ್ ಪ್ಲೇಟ್ ಇಟ್ಟು, ರೊಕ್ಕ ಎಣಸು ತಂಗಿ ಅನ್ನಾಕತ್ತಾರ. ಲೈಟು, ಟ್ಯಾಂಕು ಕ್ಲೇಮಿನಾಗ ಆಗ್ತದ. ಆದ್ರ ಈ ಪ್ಲೇಟು ಮತ್ತ ಕೂಡಂಗಿಲ್ಲ, ಹೊಸಾವು ಬರಬೇಕು. ಇಪ್ಪತ್ತು ದಿನ. ಅಲ್ಲಿ ತನಕ ಗಾಡಿ ರೋಡಿಗಿ ತರಬ್ಯಾಡ್ರಿ."

ಹಿಂದಿನಿಂದ ಬಾಲಪ್ಪನ ದನಿ ಕೇಳಿಸಿತು: "ಮೂರನೇ ಬಿಲ್ಲಿ ಏನರ ಇತ್ತೇನಂತ ಕೇಳು ತಂಗಿ, ಅದನ್ನೂ ತರ್ತೀನಿ!"

ನಿಂಗರಾಜ ನೆಲದ ಮೇಲೆ ಕೂತ. ಅಳು ಬಂತು, ಅತ್ತ. ಹೆಂಗಸರು ಕೂತೇ ಇದ್ದರಲ್ಲ, ಅವರೂ ಜೊತೆಗೂಡಿದರು.

ಶುಕ್ರವಾರ ಬೆಳಿಗ್ಗೆ ಬಸ್ಸನ್ನು ನಂಬುವುದೋ ಪೊಲೀಸರು ಎದ್ದಿಲ್ಲವೆಂದು ನಂಬುವುದೋ ಎಂಬ ಧರ್ಮಸಂಕಟದಲ್ಲಿ ಅವನು ಪೊಲೀಸರನ್ನು ಆರಿಸಿಕೊಂಡ. ಸೈದಾಪುರ ಕ್ರಾಸಿನಲ್ಲಿ ಅವರು ಎದ್ದಿದ್ದರು.

"ನಂಬರ್ ಎಲ್ಲೈತಿ?"

"ಅಪ್ಪ ಕೊಯ್ದಾನ್ರಿ ಸರ."

"ಏನ್ ಕೊಯ್ದಾನ?"

"ಕಿವಿರಿ."

ಪೊಲೀಸಪ್ಪ ಮೊದಲು ಅವನ ಕಿವಿ ಎಣಿಸಿದ, ಆಮೇಲೆ ಕೀಲಿಕೈ ಕಿತ್ತುಕೊಂಡ. ಬಾಲಪ್ಪ ಧೋತರದ ತುದಿಯಲ್ಲಿ ಎರಡು ಪ್ಲೇಟು ಕಟ್ಟಿಕೊಂಡು ಬಂದು, ಇದು ಕದ್ದ ಮಾಲಲ್ಲ ಎಂದು ಸಾಬೀತು ಮಾಡುವ ಹೊತ್ತಿಗೆ ಎಂಟೂವರೆ. ಗಾಡಿಯನ್ನು ಹತ್ತದೆ ನೂಕಿಕೊಂಡು ಹೋಗುವ ಷರತ್ತಿನ ಮೇಲೆ ಅಪ್ಪನಿಗೆ ಒಪ್ಪಿಸಿದರು. ನಿಂಗರಾಜ ಒಂದು ಟ್ರ್ಯಾಕ್ಟರಿಗೆ ಜೋತುಬಿದ್ದು ಗೇಟು ಮುಟ್ಟಿದಾಗ ಒಂಬತ್ತು ಹೊಡೆದಿತ್ತು.

ಹಣಮೇಶ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಲಿಸ್ಟಿನಲ್ಲಿ ಒಂದು ಗೆರೆ ಎಳೆದು, "ಮತ್ತ ಮೊದಲಿಂದ ಆರು ತಿಂಗಳು. ನಾಳಿ ಆರಕ್ಕ ಬಂದ್ರ ಅದರ ಮೊದಲನೇ ದಿನ," ಎಂದ. ಆಮೇಲೆ ನಿಜವಾದ ಅಚ್ಚರಿಯಿಂದ ಕೇಳಿದ: "ಅಲ್ಲೋ, ಇವತ್ತಿನಿಂದ ಕಂಪನಿ ಬಸ್ಸು ಚಾಲೂ ಆಗ್ಯದ. ಐದೂ ಇಪ್ಪತ್ತಕ್ಕ ನಿಮ್ಮ ಮನಿ ಮುಂದೇ ನಿಂತಿತ್ತು. ಯಾಕ ಹತ್ತಲಿಲ್ಲ?"

"ಬಸ್ಸಾ?" ಬೆಳಿಗ್ಗೆ ಐದೂ ಇಪ್ಪತ್ತಕ್ಕೆ ನಿಂಗರಾಜ ಹಿಂದಿನ ಓಣಿಯಲ್ಲಿ, ಊರ ಜನಕ್ಕೆ ಕಾಣದಂತೆ ಗಾಡಿ ನೂಕುತ್ತಿದ್ದ.

ಹಣಮೇಶ ಡ್ರೈವರನ ರಿಜಿಸ್ಟರ್ ತಿರುಗಿಸಿ ತೋರಿಸಿದ. 'ಸ್ವಂತ ಗಾಡಿ ಇದೆ, ಬಸ್ ಬೇಡ.' ಪಕ್ಕದಲ್ಲಿ ಸಹಿ. ಸ್ತ್ರೀಶಕ್ತಿ ಸಂಘದಲ್ಲಿ ಹೋದ ತಿಂಗಳಷ್ಟೇ ಕಲಿತ, ಎರಡು ಗೆರೆಗಳ ನಡುವೆ ಹಿಡಿಯದ ದೊಡ್ಡ ಅಕ್ಷರ: ರೇಣಮ್ಮ.

"ಇದನ್ನ ಅಳಸ್ರಿ ಸರ!"

"ಬಸ್ಸಿನ ಲಿಸ್ಟು ಆಗಲೇ ಮ್ಯಾಲಿನ ಆಫೀಸಿಗೆ ಹೋಗ್ಯದ. ಬರೂ ತಿಂಗಳ ನೋಡೂಣು."

ಸಂಜೆ ಮನೆಯಲ್ಲಿ ಅವನು ಕೂಗಾಡಿದ. ರೇಣಮ್ಮ ಜಗ್ಗಲಿಲ್ಲ.

"ಮೂರು ಸಲ ಹಾರ್ನ್ ಹೊಡದಾನವ. ಓಣಿ ಮಂದಿ ಎಲ್ಲಾ ಬಾಗಲಿಗಿ ಬಂದು ನಿಂತಿತ್ತು. ಐದು ಟಗರು ಮಾರಿ ಗಾಡಿ ತಂದವರ ಮಗ ಬಸ್ಸು ಹತ್ತತಾನಂದ್ರ ಏನಂತಾರ? ಫುಲ್ ಇನ್ಸೂರೆನ್ಸ್ ಐತಿ ಅಂತನೂ ಹೇಳೀನಿ."

ಮರುದಿನ ಬೆಳಿಗ್ಗೆ ಐದೂ ಇಪ್ಪತ್ತಕ್ಕೆ ನಿಂಗರಾಜ ಬುತ್ತಿ ಹಿಡಿದು ಊರ ಅಗಸಿ ಬಾಗಿಲಲ್ಲಿ ನಿಂತ. ಕಂಪನಿ ಬಸ್ಸು ಬಂತು. ಅವನು ಕೈ ಮಾಡಿದ. ಡ್ರೈವರ್ ಗುರುತು ಹಿಡಿದು ವೇಗ ತಗ್ಗಿಸಿ, ಗಾಡಿ ಇದ್ದವರಿಗೆ ಕೊಡುವ ಮರ್ಯಾದೆಯಿಂದ ಹಣೆಗೆ ಕೈ ಹಚ್ಚಿ, ಹಾಗೇ ಮುಂದೆ ಹೊರಟುಹೋದ. ಆರಕ್ಕೆ ನಲವತ್ತು ನಿಮಿಷ, ಕಡೇಚೂರು ಒಂಬತ್ತು ಕಿಲೋಮೀಟರ್. ಅವನು ಧೂಳಿನಲ್ಲಿ ಬಸ್ಸಿನ ಹಿಂದೆ ಓಡತೊಡಗಿದ.

"ಏ ನಿಂಗ್ಯಾ! ನಿಲ್ಲೋ!"

ತಿರುಗಿ ನೋಡಿದರೆ ಅವ್ವ. ಎದೆಗವಚಿಕೊಂಡ ಹೆಲ್ಮೆಟ್ಟಿನೊಂದಿಗೆ ಏದುಸಿರು ಬಿಡುತ್ತ ಓಡಿ ಬರುತ್ತಿದ್ದಾಳೆ. ಬಂದವಳೇ ಅದನ್ನು ಅವನ ಕೈಗೆ ತುರುಕಿ, ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದಳು:

"ಇದನ್ನ ಹಿಡ್ಕೊಂಡು ಓಡು ನನ್ನಪ್ಪ. ಗಾಡಿ ಮುಂದೆಲ್ಲೋ ನಿಲ್ಲಿಸ್ಯಾನ ಅನ್ಕೋತಾರ ಮಂದಿ."