ಬಾಳೂರು ಏರಿನ ಗಣಿತ

ಯುದ್ಧದ ಕಾಲ. ಪೆಟ್ರೋಲು ಸಿಗದೆ ಕಳಸದ ಬಸ್ಸು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿತ್ತು. ಓಡುತ್ತಿತ್ತು ಅನ್ನುವುದು ಮರ್ಯಾದೆಯ ಮಾತು. ಏರು ಬಂದರೆ ಟಿಕೆಟ್ ಕೊಂಡವರೇ ಇಳಿದು ತಳ್ಳಬೇಕು.

ಅಬ್ದುಲ್ ಮಜೀದನಿಗೆ ಮೈಯೆಲ್ಲ ಉರಿಯುತ್ತಿತ್ತು. ಗಣಿತದಲ್ಲಿ ಬಿ.ಎ. ಮಾಡಿದವನು. ಮಧ್ಯಾಹ್ನದೊಳಗೆ ಕಳಸದ ಶಾಲೆಯ ಮ್ಯಾನೇಜರ್ ಗುರುವಯ್ಯನವರ ಮುಂದೆ ನಿಂತರೆ ಮೇಷ್ಟ್ರ ಕೆಲಸ. ಇಲ್ಲವಾದರೆ ಮತ್ತೆ ಮಾವನ ಅಂಗಡಿಯಲ್ಲಿ ಮೆಣಸು ತೂಗಬೇಕು. ಅಂಥವನ ಬಿಳಿ ಕೋಟಿಗೆ ಬಾಳೂರು ಏರಿನಲ್ಲಿ ಮಸಿ ಮೆತ್ತಿಕೊಂಡಿತ್ತು. ಇತ್ತ ಚಂದ್ರಶೇಖರಪ್ಪನೆಂಬ ದಪ್ಪ ಆಸಾಮಿ ಮೊಣಕಾಲು ನೋವೆಂದು ಸೀಟು ಬಿಟ್ಟು ಅಲ್ಲಾಡಿರಲಿಲ್ಲ. ಇದೆಂಥ ನ್ಯಾಯ?

ತಳ್ಳುತ್ತಲೇ ಮುಂದಿನ ದಾರಿ ದಿಟ್ಟಿಸಿದ ಮಜೀದ್ ಕಂಡಕ್ಟರ್ ಗಿಡ್ಡಪ್ಪನಿಗೆ, "ಆ ಹಲಸಿನ ಮರ ದಾಟಿ ಹತ್ತಿಪ್ಪತ್ತು ಮಾರು ಆದ್ಮೇಲೆ ತಳ್ಳೋದು ಬೇಡ" ಎಂದ.

"ಏರು ಅಲ್ಲಿಗೆ ಮುಗಿಯೋದಿಲ್ವಲ್ಲ, ಸಾಯ್ಬ್ರೇ."

"ಮುಗಿಯೋದಿಲ್ಲ. ಇಲ್ಲೀವರೆಗೆ ಹೆಜ್ಜೆ ಹೆಜ್ಜೆಗೂ ಏರು ಕಡಿದಾಗ್ತಾ ಬಂತು, ಅಂಗಾತ ಇಟ್ಟ ಬಾಣಲೆ ಥರ. ಮರದಿಂದಾಚೆ ಬಾಣಲೆ ಕವುಚಿ ಹಾಕಿದ ಹಾಗೆ. ದಾರಿ ಏರ್ತಾನೇ ಇರ್ತದೆ, ಏರೋ ಜೋರು ಮಾತ್ರ ಇಳೀತಾ ಹೋಗ್ತದೆ. ಆ ಜೋರಿಗೇ ಡೆರಿವೇಟಿವ್ ಅನ್ನೋದು."

ಪಕ್ಕದಲ್ಲಿ ತಳ್ಳುತ್ತಿದ್ದ ತೋಟದಾಳು ಪಾಪಮ್ಮ ಕಿಸಕ್ಕನೆ ನಕ್ಕಳು. "ಏರೋದೂ ಅದೇ, ಇಳಿಯೋದೂ ಅದೇ? ಜಾಸ್ತಿ ಓದಿದ್ರೆ ಹಿಂಗಾಗ್ತದೆ. ತಳ್ಳಿ ಮಾರಾಯ್ರೆ."

ಎಲ್ಲರೂ ನಕ್ಕರು. ಕಿಟಕಿಯೊಳಗಿಂದ ಚಂದ್ರಶೇಖರಪ್ಪನೂ ನಕ್ಕ. ಮಜೀದನಿಗೆ ಅದನ್ನು ತಡೆಯಲಾಗಲಿಲ್ಲ.

"ಮರ ದಾಟಿ ಇಪ್ಪತ್ತು ಮಾರು ಆದ್ಮೇಲೆ ಎಲ್ಲರೂ ಕೈ ಬಿಡಿ. ಬಸ್ಸು ನಿಂತ್ರೆ ನಾನೊಬ್ನೇ ಕಳಸದ ತನಕ ತಳ್ತೀನಿ."

ಈ ಮಾತು ಎಲ್ಲರಿಗೂ ಹಿಡಿಸಿತು. ಮರ ದಾಟಿ ಇಪ್ಪತ್ತು ಮಾರು ಆದದ್ದೇ ತಡ, ಗಿಡ್ಡಪ್ಪನೂ ಸೇರಿ ಎಲ್ಲರೂ ಕೈ ಬಿಟ್ಟು ತಮಾಷೆ ನೋಡಲು ನಿಂತರು. ಬಸ್ಸು ಕೆಮ್ಮಿತು, ನಡುಗಿತು, ಆದರೆ ನಿಲ್ಲಲಿಲ್ಲ. ತಾನಾಗಿಯೇ ಏರತೊಡಗಿತು. ಪಾಪಮ್ಮ ಬಾಯಿಬಿಟ್ಟು ನೋಡಿದಳು. ಮಜೀದ್ ಎದೆಯುಬ್ಬಿಸಿ, "ಈಗೇನಂತೀರಿ?" ಎಂದು ಎಲ್ಲರತ್ತ ತಿರುಗಿದ.

ಆಗ ಬಸ್ಸಿನೊಳಗಿಂದ ಚಂದ್ರಶೇಖರಪ್ಪನ ದನಿ ಕೇಳಿಸಿತು: "ರೈಟ್, ರೈಟ್."

ಹೊಗೆಯಲ್ಲಿ ಡ್ರೈವರಿಗೆ ಹಿಂದಿನದೇನೂ ಕಾಣುತ್ತಿರಲಿಲ್ಲ. "ರೈಟ್" ಕೇಳಿಸಿದ ಮೇಲೆ ಎಲ್ಲರೂ ಹತ್ತಿದರೆಂದೇ ತಿಳಿದು ಅವನು ಹೋಗಿಯೇ ಬಿಟ್ಟ. ಕೂಗಿದರು, ಓಡಿದರು, ಪ್ರಯೋಜನವಾಗಲಿಲ್ಲ. ಆಮೇಲೆ ದಾರಿಯುದ್ದಕ್ಕೂ ಅಷ್ಟೂ ಜನ ಮಜೀದನನ್ನು ಬೈಯುತ್ತಲೇ ನಡೆದರು.

ಕಳಸ ಮುಟ್ಟುವಾಗ ಸಂಜೆಯಾಗಿತ್ತು. ಗುರುವಯ್ಯನವರು ಶಾಲೆಗೆ ಬೀಗ ಹಾಕುತ್ತಿದ್ದರು.

"ಚಂದ್ರಶೇಖರಪ್ಪ ಅನ್ನೋರು ಮಧ್ಯಾಹ್ನವೇ ಬಂದ್ರು. ಕೆಲಸ ಅವರಿಗೆ ಕೊಟ್ಟಾಯ್ತು. ಅದೇ ಬಸ್ಸಲ್ಲಿ ನೀವ್ಯಾಕೆ ಬರ್ಲಿಲ್ಲ?"

ಮಜೀದನ ಸಿಟ್ಟು ನೆತ್ತಿಗೇರಿತು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಗುರುವಯ್ಯನವರು ತಾಳ್ಮೆಯಿಂದ ಕೇಳಿಸಿಕೊಂಡರು.

"ತಳ್ಳದಿದ್ರೂ ಬಸ್ಸು ಹೋಗ್ತದೆ ಅಂತ ನಿಮ್ಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಸಾರ್. ನನಗೊಬ್ಬನಿಗೇ ಗೊತ್ತಿತ್ತು."

"ಗೊತ್ತಿದ್ದೂ ನೀವು ಕೆಳಗೆ ನಿಂತ್ರಿ, ಅವ್ರು ಒಳಗೆ ಕೂತ್ರು. ಈಗ ನೀವೇ ಹೇಳಿ ಸಾಯ್ಬ್ರೇ, ಗಣಿತ ಯಾರಿಗೆ ಬರ್ತದೆ?"